ಎಡ ಹುಬ್ಬಿನ ಗಾಯ

ಮಚ್ಚು ಮಸೆಯುವ ಸದ್ದನ್ನು ಹತ್ತಿರದಿಂದ ಕೇಳಿದ್ದೀರಾ?

ಸರ್ರ್... ಸರ್ರ್... ಸರ್ರ್...

ನಾನು ಕೇಳಿದ್ದು ಬಂಡೂರಿನ ಒಂದು ಕುರಿ ಕೊಟ್ಟಿಗೆಯಲ್ಲಿ, ಬೋರಲು ಮಲಗಿಕೊಂಡು. ಮೂಗಿನ ಮುಂದೆ ಕುರಿ ಹಿಕ್ಕೆ. ಬೆನ್ನ ಮೇಲೆ ಒಂದು ಮರಿ ಹತ್ತಿ ನಿಂತಿತ್ತು. ಪಕ್ಕದಲ್ಲಿ ನನ್ನ ಹಾಗೆಯೇ ಮಲಗಿದ್ದ ಹೆಂಗಸಿನ ಹೆಸರು ಶ್ವೇತ. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

ಹೊರಗೆ ಕಲ್ಲಿಗೆ ಮಚ್ಚು ಉಜ್ಜುತ್ತಿದ್ದವನು ಅವಳ ಗಂಡ, ಶಶಿಧರ್.

"ಸ್ವೇತಾ! ಎಲ್ಲಡಗಿದ್ದೀಯೆ? ಬಾ ಆಚೆಗೆ!"

ನಾನು ಶ್ವೇತಳ ತಲೆಯನ್ನು ಇನ್ನಷ್ಟು ಕೆಳಗೆ ಒತ್ತಿದೆ.

"ಯಾವೋನೇ ಅವ್ನು ಮೀಸೆಮಾವ? ಎಷ್ಟು ದಿನದಿಂದ ನಡೀತಾ ಅದೆ?"

ಸರ್ರ್... ಸರ್ರ್...

ಬೆನ್ನ ಮೇಲಿನ ಮರಿ 'ಮ್ಯಾ' ಎಂದಿತು. ಹೊರಗೆ ಸದ್ದು ನಿಂತಿತು. ಚಪ್ಪಲಿ ಬಾಗಿಲ ತನಕ ಬಂತು. ಸಂದಿಯಿಂದ ನನಗೆ ಮಚ್ಚಿನ ಅಲಗು ಕಂಡಿತು. ಚೆನ್ನಾಗಿಯೇ ಮಸೆದಿದ್ದ! ಅವನಿಗೆ ಒಳಗೆ ಕುರಿಗಳ ಬೆನ್ನಷ್ಟೇ ಕಂಡಿರಬೇಕು.

"ಸರಿ ಬುಡು! ಮೊದ್ಲು ಆ ಮದ್ದೂರು ಫ್ಲೆಕ್ಸ್‌ನೋನ ಕೈ ಕಡಿದು ಬತ್ತೀನಿ. ಆಮ್ಯಾಕೆ ನಿನ್ನ ಇಚಾರ!"

ಬೈಕು ಗುಡುಗಿತು. ಹೋಯಿತು.

ನಾನು ಎದ್ದು ಸೀರೆ ಕೊಡವಿದೆ. ಮರಿಯನ್ನು ಇಳಿಸಿ ಅದರ ತಾಯಿಯ ಹತ್ತಿರ ಬಿಟ್ಟೆ. ಪಾಪ, ಅದಕ್ಕೇನು ಗೊತ್ತು!

ನನ್ನ ಹೆಸರು ಯಶೋದಮ್ಮ. ಊರು ಮದ್ದೂರು. ಹಿಂದೆ ಪೊಲೀಸ್ ಪೇದೆ, ಈಗ ಖಾಸಗಿ. ಓಡಿಹೋದವರನ್ನು ಹುಡುಕುತ್ತೇನೆ. ಮದುವೆಗೆ ಮುಂಚೆ ಗಂಡಿನ ಗುಟ್ಟು ಬಗೆಯುತ್ತೇನೆ. ಗದ್ದದ ಬಲಗಡೆ ಒಂದು ಹೊಲಿಗೆ ಗುರುತಿದೆ. ಹಳೆಯ ಗಲಾಟೆಯೊಂದರಲ್ಲಿ ಬಿದ್ದ ಕಲ್ಲು. ಅದನ್ನು ನೋಡಿದರೆ ಸಾಕು, ಸಣ್ಣ ಪುಟ್ಟ ಪುಂಡರು ದಾರಿ ಬಿಡುತ್ತಾರೆ.

ಕಳ್ಳರಿಗೆ ನಾನು ಹೆದರುವುದಿಲ್ಲ. ಕುಡುಕರಿಗೂ ಇಲ್ಲ. ಹೆದರುವುದು ಹೊಟ್ಟೆಯಲ್ಲಿ ಅನುಮಾನದ ಕಿಚ್ಚು ಇಟ್ಟುಕೊಂಡವರಿಗೆ. ಅವರು ನಿದ್ದೆ ಮಾಡುವುದಿಲ್ಲ. ಬೇರೆಯವರಿಗೂ ಮಾಡಲು ಬಿಡುವುದಿಲ್ಲ!

ಈ ಕೇಸಿನಲ್ಲಿ ಅಂಥವರು ಇಬ್ಬರು.

ಮೊದಲನೆಯವಳು ದೀಪಿಕ. ಅವತ್ತು ಬೆಳಿಗ್ಗೆ ನಾನಿನ್ನೂ ಕಾಫಿ ಸೋಸುತ್ತಿದ್ದೆ. ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕಣ್ಣು ಊದಿತ್ತು.

"ಯಶೋದಕ್ಕ, ಒಬ್ಳನ್ನ ಹುಡುಕ್ಕೊಡಬೇಕು."

"ಯಾರವ್ವ?"

"ನನ್ ಗಂಡನ್ನ ಕೆಡಿಸಿರೋಳು!"

ಗಂಡ ಚಲುವರಾಜು. ಮದ್ದೂರು ಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಗೃಹಪ್ರವೇಶ, ಕೈಲಾಸ ಸಮಾರಾಧನೆ... ಎಲ್ಲಕ್ಕೂ ಅವನದೇ ಬ್ಯಾನರ್. ಈಚೆಗೆ ಅವನೊಂದು ಹೊಸ ವಿದ್ಯೆ ಕಲಿತಿದ್ದ. ಕಂಪ್ಯೂಟರಿನೊಳಗೆ ಮನುಷ್ಯರ ಬೊಂಬೆ ಸಿಗುತ್ತದಂತೆ. ಬೋಳು ತಲೆ, ಚಾಚಿದ ಕೈ. ಅದಕ್ಕೆ ಮುಖ ಹಾಕಬೇಕು. ಮೂಗು ಎಳೆದರೆ ಉದ್ದ, ಒತ್ತಿದರೆ ಮೊಂಡು. ಕತ್ತು ಬಾಗಿಸಿ, ಬೆರಳು ಮಡಿಸಿ, ಸೀರೆ ಉಡಿಸಿ, ಬೆಳಕು ಬಿಟ್ಟು, ಕೊನೆಗೆ ರೆಂಡರ್ ಎಂದು ಒತ್ತಿದರೆ ಥೇಟ್ ಫೋಟೋ! ಮಾಡೆಲ್ ಬೇಡ, ಕ್ಯಾಮೆರಾ ಬೇಡ.

ಹಾಗೆ ಮಾಡಿದ ಒಂದು ಬೊಂಬೆ ಈಗ ಸೀರೆ ಅಂಗಡಿಯೊಂದರ ಬೋರ್ಡಿನಲ್ಲಿತ್ತು. ಮಂಡ್ಯದಲ್ಲಿ, ಮದ್ದೂರಿನಲ್ಲಿ, ಮಳವಳ್ಳಿಯಲ್ಲಿ... ಎಲ್ಲಿ ತಿರುಗಿದರೂ ಅವಳೇ!

"ಅದು ಬೊಂಬೆ ಕಣಮ್ಮ," ಎಂದೆ.

"ನಮ್ಮೆಜಮಾನ್ರೂ ಅದನ್ನೇ ಅಂತಾರೆ. ಬೊಂಬೆಗೆ ಗಾಯ ಇರ್ತದಾ ಅಕ್ಕ?"

"ಗಾಯ?"

"ಎಡ ಹುಬ್ಬಿನ ಮೇಲೆ! ಸಣ್ಣದು, ಹುಬ್ಬು ಎರಡು ತುಂಡಾಗಿರೋ ಹಂಗೆ. ಸುಮ್ನೆ ಬೊಂಬೆ ಮಾಡೋನು ಅಂದವಾಗಿ ಮಾಡ್ತಾನೆ. ಗಾಯ ಯಾಕ್ ಹಾಕ್ತಾನೆ? ಹತ್ತಿರದಿಂದ ನೋಡಿದೋನಿಗೆ ತಾನೆ ಅದು ಗೊತ್ತಿರೋದು?"

ನಾನು ಕಾಫಿ ಲೋಟ ಕೆಳಗಿಟ್ಟೆ. ಹೊಟ್ಟೆಕಿಚ್ಚಿನವರು ಕೆಲವು ಸಲ ಡಿಟೆಕ್ಟಿವ್‌ಗಿಂತ ಚೆನ್ನಾಗಿ ಯೋಚನೆ ಮಾಡುತ್ತಾರೆ!

"ಗಂಡ ಏನಂತಾನೆ?"

"ಇಂಟರ್‌ನೆಟ್ಟಲ್ಲಿ ಬೊಂಬೆ ಮಾಡೋರದೊಂದು ಗುಂಪದಂತೆ. ದೇಶ ದೇಶದೋರು. ಅಲ್ಲಿ ಮೀಸೆಮಾವ ಅಂತ ಒಬ್ರು ಈ ಮುಖ ಪುಕ್ಕಟೆ ಕೊಟ್ರಂತೆ. ಪುಕ್ಕಟೆ ತಗೊಂಡೋರು ಪಟದ ಮೇಲೆ ಕೊಟ್ಟೋರ ಹೆಸರು ಹಾಕ್ಬೇಕಂತೆ, ಅದವರ ಪದ್ಧತಿಯಂತೆ. ಸುಳ್ಳು ಕಣಕ್ಕ! ಯಾವ ಮೀಸೆ ಹೊತ್ತ ಗಂಡಸು ಇಂಥಾ ಮುಖನ ಪುಕ್ಕಟೆ ಕೊಟ್ಟಾನು?"

"ಸಿಕ್ಕಿದ್ರೆ ಏನ್ ಮಾಡ್ತೀಯ?"

"ಮಗೂನ ಎತ್ಕೊಂಡು ದುದ್ದಕ್ಕೆ, ನಮ್ಮವ್ವನ ಮನೆಗೆ. ಮತ್ತೆ ಬರಾಕಿಲ್ಲ."

ಅವಳು ಹಾಗೆ ಹೇಳುವಾಗ ಸೊಂಟದ ಮೇಲಿದ್ದ ಕೂಸು ಅವಳ ತಾಳಿ ಹಿಡಿದು ಜಗ್ಗುತ್ತಿತ್ತು. ನಾನು ಸ್ಕೂಟರ್ ಕೀ ತೆಗೆದುಕೊಂಡೆ.

ಮದ್ದೂರಿನ ಬೋರ್ಡು ನೋಡಿದೆ. ಹೆಂಗಸು ಸೀರೆಯ ಸೆರಗನ್ನು ಎಡ ಹೆಗಲ ಮೇಲೆ ಹೊದ್ದು ನಗುತ್ತಿದ್ದಳು. ಎಡ ಹುಬ್ಬಿನ ಮೇಲೆ ಗಾಯ. ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರ: 'ಮುಖ: ಮೀಸೆಮಾವ. ಮುದ್ರಣ: ಚಲುವ ಫ್ಲೆಕ್ಸ್, ಮದ್ದೂರು.'

ಅಲ್ಲಿಂದ ಮಳವಳ್ಳಿಗೆ. ಅಲ್ಲಿ ಬೋರ್ಡಿತ್ತು, ಮುಖ ಇರಲಿಲ್ಲ!

ಯಾರೋ ಮುಖವನ್ನು ಮಾತ್ರ ಅಡ್ಡಡ್ಡ ಸೀಳಿದ್ದರು. ಸೀರೆ, ಸೆರಗು, ಬಳೆ ಎಲ್ಲ ಹಾಗೇ ಇತ್ತು.

ಕೆಳಗೆ ಟೀ ಅಂಗಡಿಯವನು ಲೋಟ ತೊಳೆಯುತ್ತಿದ್ದ.

"ಯಾರಣ್ಣ ಹಿಂಗ್ ಮಾಡಿದ್ದು?"

"ನಂಗೊತ್ತಿಲ್ಲ ಕಣಮ್ಮ."

"ಒಂದು ಟೀ ಕೊಡಿ." ಕುಡಿದೆ. "ಈಗ?"

ಅವನು ನನ್ನ ಗದ್ದದ ಗುರುತು ನೋಡಿದ. ನಕ್ಕ.

"ಬಂಡೂರು ಕುರಿ ಸಸಿಧರ. 'ಏನ್ಲಾ, ನಿನ್ನೆಂಡ್ರು ಬೋರ್ಡ್ ಹತ್ತವ್ಳೆ' ಅಂತ ಯಾರೋ ಚುಡಾಯಿಸಿದ್ರು. ತಿರುಗಿ ನೋಡ್ದ. ಕುಡ್ಲು ತಗೊಂಡು ಹತ್ತೇಬುಟ್ಟ. ಮೊದ್ಲಿಂದ್ಲೂ ಅನುಮಾನದ ಗಿರಾಕಿ ಅವ್ನು. ಎಂಡ್ರುನ ಸಂತೆಗೂ ಕಳ್ಸಾಕಿಲ್ಲ."

ಹೀಗೆ ನಾನು ಬಂಡೂರಿಗೆ ಹೋದೆ. ಶ್ವೇತ ಅಂಗಳದಲ್ಲಿ ಕುರಿಗಳಿಗೆ ಹುರುಳಿ ಹಾಕುತ್ತಿದ್ದಳು. ಮುಖ ಎತ್ತಿದಳು.

ಅದೇ ಮುಖ! ಅದೇ ಮೂಗು, ಅದೇ ತುಟಿ, ಹುಬ್ಬಿನ ಮೇಲೆ ಅದೇ ಗಾಯ. ಆದರೂ ಏನೋ ಸರಿ ಇಲ್ಲ ಅನ್ನಿಸಿತು. ಏನು ಎಂದು ಹೊಳೆಯಲಿಲ್ಲ.

"ಗಾಯ ಹೆಂಗಾಯ್ತು ಮಗ?"

"ಹೋದ ವರ್ಷ ಟಗರು ಗುದ್ತು ಅಕ್ಕ. ಗೋದಲಿ ಅಂಚಿಗೆ ಬಡೀತು. ಯಾಕೆ?"

"ಮದ್ದೂರು ಚಲುವರಾಜು ಗೊತ್ತಾ?"

"ಇಲ್ಲ." ಆ ಉತ್ತರದಲ್ಲಿ ಸುಳ್ಳಿರಲಿಲ್ಲ.

"ಮೀಸೆಮಾವ?"

ಅವಳ ಕೈಯಿಂದ ಹುರುಳಿ ಚೆಲ್ಲಿತು. ಬಾಯಿ ತೆರೆದಳು...

ಅಷ್ಟರಲ್ಲಿ ಬೈಕಿನ ಸದ್ದು. ಮುಂದಿನದು ನಿಮಗೆ ಗೊತ್ತು!

ಕೊಟ್ಟಿಗೆಯಿಂದ ಹೊರಬಿದ್ದ ಕೂಡಲೇ ಪೊಲೀಸರಿಗೆ ಫೋನ್ ಮಾಡಿದೆ. ಫ್ಲೆಕ್ಸ್ ಅಂಗಡಿಗೆ ಜೀಪು ಕಳಿಸುತ್ತೇವೆ ಎಂದರು. ಆಮೇಲೆ ಚಲುವರಾಜುವಿನ ನಂಬರು ಒತ್ತಿದೆ. ಒಂದೇ ರಿಂಗಿಗೆ ಎತ್ತಿದರು.

"ಹಲೋ! ಯಾರೇ ನೀನು?" ಹೆಂಗಸಿನ ದನಿ.

"ದೀಪಿಕಾ? ನಾನು ಕಣಮ್ಮ, ಯಶೋದಕ್ಕ! ಗಂಡನಿಗೆ ಕೊಡು!"

"ಅವ್ರು ಅಂಗಡೀಲವ್ರೆ. ಫೋನ್ ನಾನು ಎತ್ಕೊಂಡ್ ಬಂದಿದ್ದೀನಿ. ಅವ್ಳೇನಾದ್ರೂ ಫೋನ್ ಮಾಡ್ತಾಳೇನೋ ಅಂತ..."

ನಾನು ಹಲ್ಲು ಕಡಿದೆ. "ನೀನೆಲ್ಲಿದ್ದೀಯ?"

"ದುದ್ದದ ಬಸ್ಸಲ್ಲಿ. ನೀವು ಹುಡುಕೋ ತಂಕ ತಡ್ಯಾಕಾಗ್ಲಿಲ್ಲ."

"ಇಳಿ! ವಾಪಸ್ ಬಾ! ನಿನ್ ಗಂಡನ್ನ ಕಡಿಯಾಕೆ ಒಬ್ಬ ಹೊರಟವ್ನೆ!"

ಅತ್ತ ಕಡೆ ಒಂದು ಕಿರುಚಾಟ: "ಕಂಡಕ್ಟ್ರೇ! ಓಲ್ಡಾನ್!"

"ಹತ್ತು ಮಗ," ಎಂದೆ ಶ್ವೇತಳಿಗೆ. ಬೇಲಿಯಾಚೆ ನಿಲ್ಲಿಸಿದ್ದ ನನ್ನ ಸ್ಕೂಟರು ಹಳೆಯದು, ಆದರೆ ಮರ್ಯಾದೆ ಇರುವಂಥದು. ಒಂದೇ ಒದೆತಕ್ಕೆ ಹೊರಟಿತು.

ಕೆ.ಎಂ. ದೊಡ್ಡಿಯಲ್ಲಿ ದೇವರು ಕಣ್ಣು ಬಿಟ್ಟ. ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರು, ಗಾಡಿಗಳು ರಸ್ತೆ ತುಂಬ ನಿಂತಿದ್ದವು. ಅವುಗಳ ನಡುವೆ ಸಿಕ್ಕಿಹಾಕಿಕೊಂಡು ಹಾರ್ನ್ ಹೊಡೆಯುತ್ತಿದ್ದ... ಶಶಿಧರ್!

ನಾನು ರಸ್ತೆ ಬಿಟ್ಟು ಟ್ರ್ಯಾಕ್ಟರುಗಳ ಪಕ್ಕದ ಮಣ್ಣಿಗೆ ಇಳಿಸಿದೆ. ಇನ್ನೇನು ಅವನನ್ನು ದಾಟಬೇಕು...

ಅವನು ತಿರುಗಿದ. ನನ್ನ ನೋಡಿದ. ಹಿಂದೆ ಕೂತವಳನ್ನು ನೋಡಿದ.

"ಲೇ! ನಿಲ್ಸೇ!"

ಬೈಕು ನಮ್ಮ ಕಡೆ ನುಗ್ಗಿತು. ಅವನ ಕೈ ಶ್ವೇತಳ ಜಡೆಗೆ ಬಂತು. ನಾನು ಪಕ್ಕದ ಟ್ರ್ಯಾಕ್ಟರಿನಿಂದ ಒಂದು ಕಬ್ಬಿನ ಜಲ್ಲೆ ಹಿರಿದೆ. ಅವನ ಮುಂದಿನ ಚಕ್ರದೊಳಕ್ಕೆ ತೂರಿದೆ!

ಲಟಕ್!

ಬೈಕು ಒಂದು ಕಡೆ, ಅವನು ಇನ್ನೊಂದು ಕಡೆ.

"ಅಯ್ಯೋ, ನನ್ ಕಬ್ಬು!" ಎಂದ ಟ್ರ್ಯಾಕ್ಟರಿನವನು.

"ಶಶಿಧರ್ ಲೆಕ್ಕಕ್ಕೆ ಬರ್ಕೊ!" ಎಂದು ಕೂಗಿ ಹ್ಯಾಂಡಲ್ ತಿರುವಿದೆ.

ಶಿವಪುರ ಹತ್ತಿರವಾಯಿತು. ಅವನು ಎದ್ದು ಬೆನ್ನು ಹತ್ತಿರುತ್ತಾನೆ, ನನಗೆ ಗೊತ್ತು. ಬರುತ್ತಿದ್ದಾನಾ ಎಂದು ಸ್ಕೂಟರಿನ ಕನ್ನಡಿ ನೋಡಿದೆ.

ಕಂಡದ್ದು ಅವನಲ್ಲ. ನನ್ನ ಭುಜದ ಹಿಂದಿನಿಂದ ಇಣುಕುತ್ತಿದ್ದ ಶ್ವೇತಳ ಮುಖ.

ಗಾಯ ಎಡ ಹುಬ್ಬಿನ ಮೇಲಿತ್ತು!

ಬ್ರೇಕ್ ಒತ್ತಿದೆ. ತಿರುಗಿ ಅವಳನ್ನೇ ನೇರವಾಗಿ ನೋಡಿದೆ. ಗಾಯ ಬಲ ಹುಬ್ಬಿನ ಮೇಲೆ! ಮತ್ತೆ ಕನ್ನಡಿ ನೋಡಿದೆ. ಎಡ. ಬೋರ್ಡಿನಲ್ಲಿ ಇದ್ದ ಹಾಗೇ.

"ಮೀಸೆಮಾವ ಯಾರು ಮಗ?" ಮೆಲ್ಲಗೆ ಕೇಳಿದೆ.

ಅವಳ ಕಣ್ಣು ತುಂಬಿತು.

"ನಾನೇ ಅಕ್ಕ."

"ಹೇಳು."

"ಕುರಿ ಆರ್ಡರ್ ನೋಡಾಕೆ ಅಂತ ಮನೇಲೊಂದು ಕಂಪ್ಯೂಟರ್ ಅದೆ. ಅವ್ರಿಗೆ ಟೈಪ್ ಬರಾಕಿಲ್ಲ, ನಾನೇ ಮಾಡೋದು. ಅವ್ರು ಕುರಿ ತಗೊಂಡು ಹೋದಾಗ ಈ ಬೊಂಬೆ ಕೆಲ್ಸ ಕಲ್ತೆ. ಹೆಂಗಸು ಅಂದ್ರೆ ಗುಂಪಲ್ಲಿ ಇಲ್ಲದ್ದು ಮಾತಾಡ್ತಾರೆ ಅಂತ ಮೀಸೆಮಾವ ಅಂತ ಹೆಸರಿಟ್ಕೊಂಡೆ. ಒಂದಿನ ಬೇಜಾರಾಗಿ... ಕನ್ನಡಿ ಮುಂದಿಟ್ಕೊಂಡು ನನ್ ಮುಖಾನೇ ಮಾಡ್ದೆ. ಯಾವ್ದೋ ದೇಶದೋರು ತಗೋತಾರೆ ಅಂದ್ಕೊಂಡಿದ್ದೆ. ಮಳವಳ್ಳೀಲೇ ಬೋರ್ಡ್ ಹತ್ತತದೆ ಅಂತ ಕನಸಲ್ಲೂ..."

ಹಿಂದೆ, ದೂರದಲ್ಲಿ, ಬೈಕಿನ ಸದ್ದು.

"ಗಟ್ಟಿಯಾಗಿ ಹಿಡ್ಕೊ!"

ಚಲುವರಾಜುವಿನ ಅಂಗಡಿಯೊಳಗೆ ಸ್ಕೂಟರ್ ಸಮೇತ ನುಗ್ಗಿದೆ ಎಂದೇ ಹೇಳಬೇಕು. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸ್ಕ್ರೀನ್ ನೋಡುತ್ತಾ ಕೂತಿದ್ದ. ಸ್ಕ್ರೀನಿನಲ್ಲಿ ಅದೇ ಮುಖ, ಹೊಸ ಸೀರೆಯಲ್ಲಿ, ಮೇಲಿನಿಂದ ಚೂರು ಚೂರೇ ಮೂಡುತ್ತಿತ್ತು.

ಹೆಡ್‌ಫೋನ್ ಕಿತ್ತೆ. "ಓಡು! ನಿನ್ನ ಕಡಿಯಾಕೆ ಬತ್ತಾವ್ನೆ!"

"ಅಕ್ಕ... ರೆಂಡರ್ ಹಾಕಿದ್ದೀನಿ. ಇನ್ನೇನು ಮುಗೀತದೆ."

"ಮುಗಿಯೋದು ನೀನು ಕಣ್ಲಾ!"

ಶ್ವೇತಳನ್ನು ಫ್ಲೆಕ್ಸ್ ರೋಲುಗಳ ಹಿಂದೆ ತಳ್ಳಿದೆ. ಶಟರ್ ಎಳೆದೆ. ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ದರಿದ್ರದ್ದು!

ಆ ಅರ್ಧದ ಕೆಳಗೆ ಮೊದಲು ಮಚ್ಚು ಬಂತು. ಆಮೇಲೆ ಶಶಿಧರ್ ಬಂದ. ಮೊಣಕೈಯಿಂದ ರಕ್ತ ಸೋರುತ್ತಿತ್ತು. ಒಂದೇ ಹೆಜ್ಜೆಗೆ ಚಲುವರಾಜುವಿನ ಕಾಲರ್ ಹಿಡಿದ. ಮಚ್ಚು ಕತ್ತಿನ ಮೇಲೆ ಕೂತಿತು.

"ನನ್ನೆಂಡ್ರು ಮುಖ ನಿಂಗೆಂಗ್ಲಾ ಗೊತ್ತು?"

"ಅಣ್ಣ... ಅದು ಬೊಂಬೆ ಅಣ್ಣ... ಮೀಸೆಮಾವ ಅಂತ..."

"ಆ ಮೀಸೆಮಾವ ನೀನೇ ಅಲ್ವಾ?"

"ಶಶಿಧರ್!" ಎಂದೆ. "ಕಡಿಯೋದಾದ್ರೆ ಕಡಿ. ಮೊದ್ಲು ಒಂದು ಪ್ರಶ್ನೆ."

"ಯಾರಮ್ಮ ನೀನು? ಕಬ್ಬಲ್ಲಿ ಬೀಳ್ಸಿದೋಳು ತಾನೆ?"

"ಹೌದು. ನಿನ್ ಹೆಂಡ್ತಿಗೆ ಗಾಯ ಯಾವ ಹುಬ್ಬಿಗದೆ?"

"ಏನು?"

"ಯಾವ ಹುಬ್ಬು? ಎಡವಾ ಬಲವಾ?"

"ಎಡ! ಕಾಣಕಿಲ್ವಾ, ಬೋರ್ಡಲ್ಲಿ ಅದೆಯಲ್ಲ!"

"ಬೋರ್ಡ್ ಬುಡು. ಮನೇಲಿ?"

"ಎಡ ಅಂದ್ನಲ್ಲ! ನನ್ನೆಂಡ್ರು ಮುಖ ನಂಗೊತ್ತಿಲ್ವಾ?"

"ಶ್ವೇತಾ, ಬಾವ್ವ."

ಅವಳು ರೋಲುಗಳ ಹಿಂದಿನಿಂದ ಬಂದಳು. ಅವನ ಎದುರು ನಿಂತಳು. ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಸರಿಸಿದಳು.

ಅವನು ನೋಡಿದ. ತುಂಬ ಹೊತ್ತು ನೋಡಿದ.

"ಬಲ..." ಎಂದ.

ಮಚ್ಚು ಒಂದು ಗೇಣು ಕೆಳಗಿಳಿಯಿತು.

"ಪಟ ಉಲ್ಟಾ ಮಾಡವ್ನೆ!" ಎಂದು ಮತ್ತೆ ಎತ್ತಿದ.

"ಸ್ಕ್ರೀನಲ್ಲಿ ಸೆರಗು ನೋಡು. ಉಲ್ಟಾ ಮಾಡಿದ್ರೆ ಸೆರಗು ಬಲ ಹೆಗಲಿಗೆ ಬರ್ತಿತ್ತು. ಬಂದದಾ?"

ಬಂದಿರಲಿಲ್ಲ.

"ಇವ್ಳೇ ಫೋಟೋ ಕಳ್ಸಿರ್ತಾಳೆ!"

"ಯಾವ ಫೋನಲ್ಲಿ? ಅವ್ಳ ಸೊಂಟದಲ್ಲಿರೋ ಬಟನ್ ಫೋನಲ್ಲಾ? ಗಾಯ ಆಗಿ ಒಂದು ವರ್ಷ ಆಯ್ತು. ಒಂದಾದ್ರೂ ಫೋಟೋ ತೆಗ್ದಿದ್ದೀಯ ಅವ್ಳದು? ತೆಗೀ ನಿನ್ ಫೋನು, ನೋಡವ!"

ಅವನು ತೆಗೆಯಲಿಲ್ಲ. ಅದರ ತುಂಬ ಕುರಿಗಳೇ ಇದ್ದವೆಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

"ಎದುರಿಗೆ ನಿಂತು ನೋಡಿದೋನು ಬಲಗಡೆ ಮಾಡ್ತಿದ್ದ ಕಣ್ಲಾ. ಇವಳ ಮುಖನ ಹಿಂಗೆ ತಿರುಗುಮುರುಗಾಗಿ ನೋಡೋರು ಈ ಭೂಮಿ ಮೇಲೆ ಒಬ್ರೇ. ಇವಳೇ. ಕನ್ನಡೀಲಿ! ಮೀಸೆಮಾವನ್ನ ಹುಡುಕ್ತಿದ್ದೆಯಲ್ಲ? ನಿನ್ ಮನೇಲೇ ಮುದ್ದೆ ತಿರುವ್ತಾ ಅವ್ಳೆ."

ಚಲುವರಾಜು ಮಚ್ಚಿನ ಕೆಳಗೇ ಕೈ ಮುಗಿದ.

"ಮೀಸೆಮಾವ... ನೀವಾ? ನಿಮ್ ಕೈಬೆರಳು ಪೋಸ್ ನೋಡಿ ಎಷ್ಟು ಹೊಟ್ಟೆ ಉರ್ಕೊಂಡಿದ್ದೀನಿ ಗೊತ್ತಾ? ನನಗೆ ಯಾವತ್ತೂ ಬೆರಳು ಸರಿಯಾಗಿ ಬರಲ್ಲ!"

ಶ್ವೇತ ನಕ್ಕುಬಿಟ್ಟಳು. ಅಷ್ಟೇ ಸಾಕಾಯಿತು. ಶಶಿಧರನ ಕಣ್ಣಲ್ಲಿ ಆರುತ್ತಿದ್ದ ಬೆಂಕಿ ಧಗ್ಗೆಂದು ಎದ್ದಿತು.

"ನಗ್ತೀಯಾ? ಬೇರೆಯೋನ ಮುಂದೆ ನಗ್ತೀಯಾ? ಊರೋರೆಲ್ಲ ನೋಡ್ಲಿ ಅಂತ ಮುಖ ಹಂಚಿದ್ದೀಯಲ್ಲೇ!"

"ಮನೇಲಿ ನೋಡೋರಿದ್ದಿದ್ರೆ ಊರೋರಿಗೆ ಯಾಕ್ ಹಂಚ್ತಿದ್ದೆ?"

ಅವನು ಮಚ್ಚು ಎತ್ತಿದ. ಈ ಸಲ ಅವಳ ಕಡೆ!

ನನ್ನ ಕೈಗೆ ಸಿಕ್ಕಿದ್ದು ಒಂದು ಫ್ಲೆಕ್ಸ್ ರೋಲು. ಹೊಸದು. ಬಿಚ್ಚಿರಲಿಲ್ಲ. ಒನಕೆ ಎತ್ತುವ ಹಾಗೆ ಎತ್ತಿದೆ. ಅವನ ಮಣಿಕಟ್ಟಿಗೆ ಒಂದು, ಮೊಣಕಾಲಿಗೆ ಒಂದು.

ಮಚ್ಚು ಕಂಪ್ಯೂಟರ್ ಮೇಜಿನ ಕೆಳಗೆ ಜಾರಿತು. ಅವನು ನೆಲ ಕಚ್ಚಿದ. ನಾನು ಅವನ ಬೆನ್ನ ಮೇಲೆ ಕೂತೆ. ನನ್ನ ತೂಕ ಎಷ್ಟೆಂದು ಕೇಳಬೇಡಿ!

ಜೀಪು ಬಂತು. ಎತ್ತಿಕೊಂಡು ಹೋದರು. ಶಟರಿನ ಕೆಳಗೆ ಬಗ್ಗುವಾಗ ಅವನು ತಿರುಗಿ ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಸ್ಕ್ರೀನ್ ನೋಡುತ್ತಿದ್ದಳು.

"ಏಳಿ," ಎಂದಳು ಚಲುವರಾಜುವಿಗೆ.

ಅವನು ಕುರ್ಚಿ ಬಿಟ್ಟ. ಅವಳು ಕೂತಳು. ಮೌಸ್ ಹಿಡಿದಳು. 

"ಗಾಯ ತಪ್ಪು ಕಡೆ ಅದೆ. ಇಷ್ಟು ಜನ ನೋಡವ್ರೆ, ಎಂಥಾ ಅವಮಾನ!"

"ಎಲ್ಲಿಗೆ ಹೋಗ್ತೀಯ ಮಗ?" ಎಂದು ಕೇಳಿದೆ.

"ಬಂಡೂರಿಗಂತೂ ಇಲ್ಲ ಅಕ್ಕ. ಇವತ್ತು ನಿಮ್ಮನೇಗೆ ಬರ್ಲಾ?"

"ಬಾ. ಸೊಪ್ಪಿನ ಸಾರು ಅದೆ."

ಆಗ ಬಂದಳು ದೀಪಿಕ. ಕೂದಲು ಕೆದರಿತ್ತು. ಸೊಂಟದಲ್ಲಿ ಕೂಸು, ಕೈಯಲ್ಲಿ ಗಂಡನ ಫೋನು. ಗಂಡನ ಕತ್ತು ಮುಟ್ಟಿ ಮುಟ್ಟಿ ನೋಡಿದಳು. ಅತ್ತಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಮೀಸೆಮಾವ ಹೆಂಗಸು, ನಿನ್ನ ಗಂಡ ಇವತ್ತಿನವರೆಗೂ ಅವಳನ್ನು ಕಂಡವನಲ್ಲ ಎಂದು ಬಿಡಿಸಿ ಹೇಳಿದೆ.

ಅವಳು ತಲೆಯಾಡಿಸಿದಳು. ಕಣ್ಣು ಒರೆಸಿಕೊಂಡಳು. ಶ್ವೇತಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಲ್ಲ ಯಶೋದಕ್ಕ... ಮುಖ ಅವಳೇ ಮಾಡಿದ್ದು, ಒಪ್ಪಿದೆ. ಆ ಸೀರೆ ಉಡಿಸಿದ್ದು ಯಾರು?"

ಚಲುವರಾಜು ನನ್ನ ಕಡೆ ನೋಡಿದ. ನಾನು ಸ್ಕೂಟರ್ ಕಡೆ ನೋಡಿದೆ. ಕೆಲವು ಕೇಸು ನಾನು ತೆಗೆದುಕೊಳ್ಳುವುದಿಲ್ಲ!

ಸಂಜೆ ಮನೆಗೆ ಬಂದೆ. ಶ್ವೇತ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು. ನಮ್ಮ ಯಜಮಾನರು, ಹೊನ್ನಯ್ಯನವರು, ಟಿವಿ ಮುಂದೆ ಕೂತಿದ್ದರು. ನಮ್ಮ ಮದುವೆಯಾಗಿ ಎಷ್ಟು ವರ್ಷವೆಂದರೆ, ಮಗಳಿಗೇ ಮದುವೆ ಮಾಡಿದ್ದೇವೆ. ಒಳ್ಳೆಯ ಮನುಷ್ಯ. ಯಾವತ್ತೂ ನನ್ನ ಮೇಲೆ ಅನುಮಾನಪಟ್ಟವರಲ್ಲ.

"ಪೇಟೇಲಿ ಆ ಸೀರೆ ಬೋರ್ಡ್ ನೋಡಿದ್ರೇನ್ರಿ?"

"ಹೂಂ. ಲಕ್ಷಣವಾದ ಹೆಣ್ಣು. ಎಡ ಹುಬ್ಬಿನ ಮೇಲೆ ಒಂದು ಸಣ್ಣ ಗಾಯ ಅದೆ. ಅದೇ ಒಂದು ಚೆಂದ."

"ಓಹೋ..." ಎಂದೆ. ತಟ್ಟೆ ಇಟ್ಟೆ. "ನನ್ ಗದ್ದದ ಗುರುತು ಯಾವ ಕಡೆ ಅದೆ, ಹೇಳಿ?"

ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಎಡ."

ನಾನು ಗದ್ದದ ಬಲಗಡೆ ಒಮ್ಮೆ ಸವರಿಕೊಂಡೆ. ಬಿಸಿ ಮುದ್ದೆ ತಂದು ಬಡಿಸಿದೆ... ಎಡಗೈಯಲ್ಲಿ!